ಏಳು ತಂತಿ, ಡ್ರಾಪ್ ಎ: ರಿಫ್ಫು ಬಿಗಿ ಆಗವಲ್ದು, ಮೊದಲ ಯಾವ ನಾಬ್ ತಿರುವೂದು?

ನವನಗರ_ಡ್ರಾಪ್ಎ
ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡ ಕಡೆ ಪ್ರಾಗ್ ಮೆಟಲ್ ಬಾರಸೋರು ಯಾರರ ಇದ್ರ ಜರಾ ನನ್ನ ರಿಫ್ಫಿನ (ತಿರುಗಿ ತಿರುಗಿ ಬಾರಸೂ ಸ್ವರದ ತುಣುಕು) ತ್ರಾಸ ನೋಡ್ರಿ.

ಗಿಟಾರು 7 ತಂತೀದು, 25.5 ಇಂಚು ಸ್ಕೇಲು, ಬ್ರಿಜ್ ಕಡೆ ಪ್ಯಾಸಿವ್ ಹಂಬಕರ್. ತಂತಿ 10–59 ಸೆಟ್ಟು, ಟ್ಯೂನಿಂಗ್ ಡ್ರಾಪ್ ಎ, ಅಂದ್ರ ಕೆಳಗಿನ ತಂತಿ ಬಿ ಬದಲಿ ಎ ಗೆ ಇಳಿಸಿದ್ದು. ಮನ್ಯಾಗ ಇಂಟರ್‌ಫೇಸಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿ ನ್ಯೂರಲ್ ಆಂಪ್ ಮಾಡೆಲರ್ (ಆಂಪಿನ ಸೌಂಡ್ ನಕಲು ಮಾಡೂ ಸಾಫ್ಟ್‌ವೇರ್), ಪೀವಿ 6505 ಆಂಪಿಂದೊಂದು ಕ್ಯಾಪ್ಚರು (ಅದರ ಸೌಂಡಿನ ನಕಲು), ಆಮ್ಯಾಲ ವಿಂಟೇಜ್ 30 ಸ್ಪೀಕರ್ ಕ್ಯಾಬಿನ ಐಆರ್ (ಕ್ಯಾಬಿನ ಸೌಂಡಿನ ಅಚ್ಚು). ಜ್ಯಾಮ್ ರೂಮಿನ್ಯಾಗ ಖರೇ 6505 ಹೆಡ್ಡೇ ಐತಿ. ಲೀಡ್ ಚಾನಲ್, ಪ್ರೀ ಗೇನ್ 7, ಲೋ 7, ಮಿಡ್ 3, ಹೈ 7.

130 ಬಿಪಿಎಂನ್ಯಾಗ ಕೆಳಗಿನ ತಂತಿ ಮ್ಯಾಲ ಹದಿನಾರರ (ಒಂದು ಬೀಟಿಗೆ ನಾಕು) ಪಾಮ್ ಮ್ಯೂಟು (ಅಂಗೈ ಅಂಚು ತಂತಿ ಮ್ಯಾಲ ಇಟ್ಟು ಹೊಡ್ಯೂದು) ಹೊಡದ್ರ ಒಂದೊಂದು ಹೊಡತ ಬ್ಯಾರೆ ಬ್ಯಾರೆ ಕೇಳಸಂಗಿಲ್ಲ, ಎಲ್ಲಾ ಕೂಡಿ ಘುಂಯ್ ಅಂತೈತಿ. ಗೇಟ್ (ಸಣ್ಣ ಸದ್ದು ಬಂದ್ರ ಮುಚ್ಚೂ ಉಪಕರಣ) ಬಿಗಿ ಮಾಡಿದ್ರ ಉದ್ದ ಸ್ವರದ ಬಾಲ ಕತ್ತರಿಸಿ ಹೋಗ್ತೈತಿ. ಬ್ಯಾಂಡಿನ್ಯಾಗಂತೂ ಗಿಟಾರ್ ಐತೋ ಇಲ್ಲೋ ಗೊತ್ತಾಗಂಗಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಬ್ಯಾಡಗಿ_ಖಾರ
ಲೀಡ್ ಚಾನಲ್ಲಿನ್ಯಾಗ ಗೇನ್ 7? ಅಲ್ರಿ, ಮೊದಲ ಅದನ್ನ 4ಕ್ಕ ಇಳಸ್ರಿ. ಆಮ್ಯಾಲ ಮಾತಾಡೂಣು.

ಸಾಧನಕೇರಿ_ಓಮ್
ಗೇನ್ ಇಳಸೂದು ಬರೋಬ್ಬರಿ, ಆದ್ರ ಅದು ಅರ್ಧಾ ಮಾತು. ಲೋ 7 ಇದ್ದದ್ದನ್ನ 2ಕ್ಕ ತಂದ್ರೂ ಈ ರಿಫ್ಫು ಬಿಗಿ ಆಗೂದಿಲ್ಲ. ಯಾಕಂದ್ರ 6505ರೊಳಗ ಟೋನ್ ಸ್ಟ್ಯಾಕ್ (ಲೋ, ಮಿಡ್, ಹೈ ನಾಬ್‌ಗಳ ಸರ್ಕ್ಯೂಟ್) ಇರೋದು ಗೇನ್ ಸ್ಟೇಜುಗಳೆಲ್ಲಾ ಮುಗದ ಮ್ಯಾಲ. ರಾಡಿ ಆಗೂದೆಲ್ಲಾ ಆಗಿ ಹೋಗಿರ್ತದ, ಆ ರಾಡಿಯ ಬೇಸ್ ಎಷ್ಟು ಕೇಳಬೇಕು ಅನ್ನೂದನ್ನಷ್ಟೇ ಆ ನಾಬ್ ಠರಾಸ್ತದ.

ರಾಡಿ ಎಲ್ಲಿಂದ ಬರ್ತದ ನೋಡ್ರಿ. ನಿಮ್ಮ ಕೆಳಗಿನ ಎ ಅಂದ್ರ 55 ಹರ್ಟ್ಜ್, ಪವರ್ ಕಾರ್ಡಿನ ಇ ಅಂದ್ರ 82.4. ಎರಡೂ ಕೂಡಿ ಕ್ಲಿಪ್ ಆದಾಗ ಅವುಗಳ ವ್ಯತ್ಯಾಸದ್ದೊಂದು ಸ್ವರ, ಸುಮಾರು 27 ಹರ್ಟ್ಜ್‌ನಾಗ, ಹೊಸದಾಗಿ ಹುಟ್ಟತದ. ಅದು ಸಂಗೀತಕ್ಕ ಏನೂ ಉಪಯೋಗಿಲ್ಲ. ಕೆಳಗಿನ ಅಲೆ ದೊಡ್ಡದು, ಅದು ಟ್ಯೂಬಿನ ಜಾಗಾ ಎಲ್ಲಾ ನುಂಗಿದ್ರ ಪಿಕ್ಕಿನ ಹೊಡತ ಅದರ ಮ್ಯಾಲ ಕುಂತು ಕತ್ತರಿಸಿ ಹೋಗ್ತದ. ಅದಕ್ಕ ಬೇಸನ್ನ ಆಂಪಿಗೆ ಹೋಗೂಕಿಂತ ಮುಂಚೆ ಕಡಿಮಿ ಮಾಡ್ಬೇಕು.

ಹಳೇ ಉಪಾಯ ಅಂದ್ರ ಟ್ಯೂಬ್ ಸ್ಕ್ರೀಮರ್ (ಟಿಎಸ್) ಅನ್ನೂ ಓವರ್‌ಡ್ರೈವ್ ಪೆಡಲ್, ಟಿಎಸ್9 ಅಥವಾ 808. ಡ್ರೈವ್ ಪೂರಾ ಸೊನ್ನಿ, ಲೆವೆಲ್ ಪೂರಾ ಮ್ಯಾಲ, ಟೋನ್ 12ರಿಂದ 1 ಗಂಟೆ. ಒಳಗ 4.7 ಕಿಲೋ ಓಮ್ ರೆಸಿಸ್ಟರ್, 0.047 ಮೈಕ್ರೋ ಫ್ಯಾರಡ್ ಕೆಪ್ಯಾಸಿಟರ್ ಅವ. ಇವೆರಡರ ಲೆಕ್ಕ 720 ಹರ್ಟ್ಜ್. ಡ್ರೈವ್ ಸೊನ್ನಿ ಇದ್ದರೂ 720ರ ಮ್ಯಾಲಿಂದಕ್ಕ ಸುಮಾರು 12 ಪಟ್ಟು, ಅಂದ್ರ 21 ಡಿಬಿ ಗೇನ್ ಸಿಗತದ. ಕೆಳಕ್ಕ ಇಳದಂಗ ಅದು ಕಡಿಮಿ ಆಗಕೋತ ಒಂದು ಪಟ್ಟಿಗೆ ಬರ್ತದ. ಡ್ರೈವ್ ಸೊನ್ನಿ ಅಂದಮ್ಯಾಲ ಪೆಡಲ್ ಏನೂ ಮಾಡೂದಿಲ್ಲ ಅಂತ ತಿಳ್ಕೊಂಡವರು ಇದನ್ನ ಲಕ್ಷ್ಯ ಕೊಟ್ಟು ನೋಡ್ರಿ.

ನವನಗರ_ಡ್ರಾಪ್ಎ
ಮತ್ತ ಮನ್ಯಾಗಿನ ಕ್ಯಾಪ್ಚರಿಗೆ?

ಸಾಧನಕೇರಿ_ಓಮ್
ಅಲ್ಲೂ ಅದೇ. ಕ್ಯಾಪ್ಚರಿನ ಮುಂದ ಒಂದು ಟಿಎಸ್ ಪ್ಲಗಿನ್ ಹಾಕ್ರಿ. ಆದ್ರ ಕ್ಯಾಪ್ಚರಿನ ಹೆಸರು, ವಿವರಣೆ ಮೊದಲ ಓದ್ರಿ. ಎಷ್ಟೋ 6505 ಕ್ಯಾಪ್ಚರುಗಳು ಬೂಸ್ಟ್ ಹಚ್ಚೇ ತಗದದ್ದು ಇರ್ತಾವ. ಅದರ ಮುಂದ ಇನ್ನೊಂದು ಬೂಸ್ಟ್ ಇಟ್ರ ಸೌಂಡು ಕ್ಯಾನ್ ಕ್ಯಾನ್ ಅಂತ ತಗಡಿನಂಗ ಆಗ್ತದ.

ಇನ್ನೊಂದು, ಕ್ಯಾಪ್ಚರಿನ್ಯಾಗ ಗೇನ್ ನಾಬ್ ಅಂತ ಇರೂದಿಲ್ಲ. ತಗದಾಗ ಎಷ್ಟಿತ್ತೋ ಅಷ್ಟೇ. ಗೇನ್ 8ರಾಗ ತಗದದ್ದಿದ್ರ ಇನ್‌ಪುಟ್ ಇಳಿಸಿ ಒದ್ದಾಡಬ್ಯಾಡ್ರಿ, 4ರಾಗ ತಗದದ್ದೊಂದು ಹುಡಕ್ರಿ.

ಗದಗ_ಗೇಜು
ಎಲ್ಲಾರೂ ಪೆಡಲ್ ಪೆಡಲ್ ಅಂತೀರಿ. ತಂತಿ ಯಾರೂ ನೋಡ್ಲಿಲ್ಲ. 25.5 ಸ್ಕೇಲಿನ್ಯಾಗ 59 ತಂತಿಯನ್ನ ಬಿ ಸ್ವರಕ್ಕ ಟ್ಯೂನ್ ಮಾಡಿದ್ರ ಸುಮಾರು 16 ಪೌಂಡ್ ಬಿಗುವು ಇರ್ತೈತಿ. ಅದನ್ನ ಎ ಗೆ ಇಳಿಸಿದ್ರ 13ರ ಹತ್ತರ. ಅಂಥಾ ಸಡ್ಲ ತಂತಿ ಹೊಡದ ಕೂಡ್ಲೆ ಸ್ವರ ಮ್ಯಾಲ ಹಾರಿ ಆಮ್ಯಾಲ ಕೆಳಗ ಬಂದು ಕುಂದರತೈತಿ. ಅದಕ್ಕ ಯಾವ ಪೆಡಲ್ಲೂ ಔಷಧ ಅಲ್ಲ.

64 ಹಾಕ್ರಿ, 15 ಪೌಂಡಿನ ಆಜೂಬಾಜು ಬರ್ತೈತಿ. ಹಾಕೂಕಿಂತ ಮುಂಚೆ ಮೂರು ಜಾಗಾ ನೋಡ್ಕೊಳ್ರಿ. ನಟ್ಟಿನ (ಹೆಡ್‌ಸ್ಟಾಕ್ ಕಡೆ ತಂತಿ ಕೂಡೂ ಪಟ್ಟಿ) ಕಚ್ಚು ಅಗಲ ಆಗ್ಬೇಕು, ಇಲ್ಲಂದ್ರ ತಂತಿ ಮ್ಯಾಲೇ ಕುಂತು ಟ್ಯೂನ್ ಮಾಡಿದಾಗ ಟಿಂಗ್ ಅಂತ ಹಾರತೈತಿ. ಟ್ಯೂನರಿನ ತೂತಿನ್ಯಾಗ ತಂತಿ ಹಿಡಿಬೇಕು. ಬ್ರಿಜ್ಜಿನ ಸ್ಯಾಡಲ್ ಇನ್ನೂ ಹಿಂದಕ್ಕ ಎಳ್ಯಾಕ ಜಾಗಾ ಇರ್ಬೇಕು, ದಪ್ಪ ತಂತಿಗೆ ಇಂಟೊನೇಶನ್ (ಎಲ್ಲಾ ಫ್ರೆಟ್ಟಿಗೂ ಸ್ವರ ಕೂಡೂ ಜಾಗಾ) ಹಿಂದ ಹೋಗ್ತೈತಿ.

26.5 ಸ್ಕೇಲಿನ ಗಿಟಾರ್ ಆಗಿದ್ರ ಅದೇ ತಂತಿಗೆ 8% ಬಿಗುವು ಪುಕ್ಸಟ್ಟೆ ಸಿಗ್ತಿತ್ತು.

ಬ್ಯಾಡಗಿ_ಖಾರ
ಭಾಳ ದಪ್ಪ ಹಾಕಿದ್ರೂ ಚಲೋ ಅಲ್ರಿ. 70, 74 ಅಂತ ಹೋದ್ರ ತಂತಿ ಬಿರುಸಾಗಿ ಮ್ಯಾಲಿನ ಹಾರ್ಮೋನಿಕ್ಸ್ ಸಾಯ್ತಾವ. ಸ್ವರಕ್ಕಿಂತ ಬರೇ ಧಡ್ ಧಡ್ ಕೇಳಸ್ತೈತಿ.

ಗದಗ_ಗೇಜು
ಹೌದು, 64 ಅಂತ ಅದಕ್ಕ ಹೇಳಿದ್ದು.

ಅರ್ಥಿಂಗ್_ಅಣ್ಣ
ತಮ್ಮಾ, ಗೇಟ್ ಬಾಲ ಕತ್ತರಸ್ತೈತಿ ಅಂದ್ಯಲ್ಲ, ಗೇಟಿಂದು ತಪ್ಪಲ್ಲ ಅದು. ಹಂ (ಕರೆಂಟಿನ ಗುಂಯ್ ಸದ್ದು) ಜಾಸ್ತಿ ಇರೂದಕ್ಕ ಥ್ರೆಶೋಲ್ಡ್ (ಗೇಟ್ ಮುಚ್ಚೂ ಮಟ್ಟ) ಅಷ್ಟು ಮ್ಯಾಲ ಇಟ್ಟೀ. ಹಂ ಇಳಿಸಿದ್ರ ಥ್ರೆಶೋಲ್ಡೂ ಇಳೀತೈತಿ, ಬಾಲಾನೂ ಉಳೀತೈತಿ. ಈಗ ಹಿಂಗ ಮಾಡು.

ಗಿಟಾರಿನ ವಾಲ್ಯೂಮ್ ಸೊನ್ನಿ ಮಾಡು. ಸದ್ದು ಹಂಗೇ ಉಳದ್ರ ಅದು ಕರೆಂಟಿಂದು, ಕೇಬಲ್ಲಿಂದು ಇಲ್ಲಾ ಗೇನಿಂದು. ಹೋದ್ರ ಪಿಕಪ್ ಹೊರಗಿಂದು ಹಿಡ್ಯಾಕತ್ತೈತಿ. ಎರಡನೇದು, ವಾಲ್ಯೂಮ್ ಮ್ಯಾಲ ಇಟ್ಟು ತಂತಿ ಮುಟ್ಟು. ಮುಟ್ಟಿದ ಕೂಡ್ಲೆ ಝರ್ ಅನ್ನೂದು ಕಡಿಮಿ ಆದ್ರ ಒಳಗ ಶೀಲ್ಡಿಂಗ್ ಸಾಕಾಗಿಲ್ಲ. ಪಿಕಪ್ಪಿನ ಗುಂಡಿ, ಕಂಟ್ರೋಲ್ ಗುಂಡಿ ಎರಡಕ್ಕೂ ತಾಮ್ರದ ಟೇಪ್ ಹಚ್ಚಿ, ತುಂಡಿನಿಂದ ತುಂಡಿಗೆ ಕರೆಂಟ್ ಹರೀತೈತೋ ಇಲ್ಲೋ ಮಲ್ಟಿಮೀಟರ್ ಹಿಡದು ನೋಡಿ, ಗ್ರೌಂಡಿಗೆ ಒಂದು ತಂತಿ ಬೆಸಿ. ಹಂಬಕರ್ ಐತಿ ಅಂತ ಸುಮ್ಕ ಕುಂದರಬ್ಯಾಡ. ಅದು ಟ್ರಾನ್ಸ್‌ಫಾರ್ಮರಿನ 50 ಹರ್ಟ್ಜ್ ಹಂ ಕಡಿತೈತಿ, ಈ ಝರ್ ಅನ್ನೂದನ್ನ ಕಡಿಯಂಗಿಲ್ಲ.

ಮೂರನೇದು, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ಬಾರಸು. ಸದ್ದು ಹೋತಂದ್ರ ಕಳ್ಳ ಸಿಕ್ಕ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮ್ಯಾಲ ಟೋನ್ ಸೆಟ್ ಮಾಡ್ಲೇಬ್ಯಾಡ, ಅದರ ಬಝ್ ಬ್ಯಾರೇನೇ. ಫ್ಯಾನಿಗೆ ತಿರುವೂ ಎಲೆಕ್ಟ್ರಾನಿಕ್ ಡಿಮ್ಮರ್ ರೆಗ್ಯುಲೇಟರ್ ಇದ್ರ ಫ್ಯಾನ್ ಪೂರಾ 5ಕ್ಕ ಇಡು, ಇಲ್ಲಾ ಬಂದ್ ಮಾಡು.

ಒಂದು ಮಾತು ನೆನಪಿಡು: ಹಂ ಹೋಗ್ತೈತಿ ಅಂತ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರೀಬ್ಯಾಡ. ಒಳಗ ಏನರ ಶಾರ್ಟ್ ಆದ್ರ ಶಾಕ್ ಹೊಡ್ಯೂದು ನೀ ಹಿಡದಿರೂ ತಂತ್ಯಾಗ. ಹಳೇ ಮನಿ ಆದ್ರ ಸಾಕೆಟ್ಟಿಗೆ ಅರ್ಥಿಂಗ್ ಖರೇನೇ ಐತೋ ಇಲ್ಲೋ ವೈರ್‌ಮನ್ ಕಡಿಂದ ನೋಡಸು.

ಉಣಕಲ್_ಬೇಸು
ಫ್ಯಾನ್ ಬಂದ್ ಮಾಡಿ ಏಪ್ರಿಲ್ ತಿಂಗಳದಾಗ ಮೆಟಲ್ ಬಾರಸ್ಬೇಕಂತ. ಅಣ್ಣಾ, ನೀ ಒಂದ್ಸಲ ಬಾ.

ಅರ್ಥಿಂಗ್_ಅಣ್ಣ
ಸ್ಟೆಪ್ ರೆಗ್ಯುಲೇಟರ್ ಹಾಕಸ್ರಪಾ. ಕೆಪ್ಯಾಸಿಟರಿಂದು ಸದ್ದು ಮಾಡಂಗಿಲ್ಲ.

ಲೈನ್‌ಬಜಾರ್_57
ಗೇಟಿನ ಅಂಕಿ ಯಾರೂ ಕೊಟ್ಟಿಲ್ಲ, ನಾ ಕೊಡ್ತೀನಿ. 130 ಬಿಪಿಎಂನ ಒಂದು ಹದಿನಾರು ಅಂದ್ರ 115 ಮಿಲಿಸೆಕೆಂಡ್. ಗೇಟಿನ ರಿಲೀಸ್ 150 ಇಟ್ರ ಮುಂದಿನ ಹೊಡತ ಬಂದ್ರೂ ಬಾಗಲಾ ಮುಚ್ಚಿರಂಗಿಲ್ಲ, ಅಂದ್ರ ಗೇಟ್ ಇದ್ದೂ ಇಲ್ಲದಂಗ. ಅಟ್ಯಾಕ್ 1 ಮಿಲಿಸೆಕೆಂಡಿಗಿಂತ ಕಡಿಮಿ, ಹೋಲ್ಡ್ 10–20, ರಿಲೀಸ್ 30–50. ಇಲ್ಲಿಂದ ಶುರು ಮಾಡ್ರಿ.

ಗೇಟ್ ಕೇಳಬೇಕಾದ್ದು ಡಿಸ್ಟಾರ್ಶನ್ ಆದ ಸೌಂಡನ್ನಲ್ಲ, ಕ್ಲೀನ್ ಡಿಐ (ಗಿಟಾರಿನಿಂದ ನೇರ ಬಂದ ಸಿಗ್ನಲ್) ಅನ್ನ. ಡಿಸ್ಟಾರ್ಶನ್ ಆದದ್ದರಾಗ ಜೋರು ಯಾವುದು, ಮೆಲ್ಲಗ ಯಾವುದು ಅನ್ನೂ ಭೇದಾನೇ ಉಳಿದಿರಂಗಿಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನ್ಯಾಗ ಆದ್ರ ಗೇಟನ್ನ ಕ್ಯಾಪ್ಚರಿನ ನಂತರ ಇಟ್ಟು ಸೈಡ್‌ಚೈನ್ (ಗೇಟ್ ಕೇಳೂ ಸಿಗ್ನಲ್) ಡಿಐಯಿಂದ ಕೊಡ್ರಿ. ರೂಮಿನ ಹೆಡ್ಡಿಗೆ ಗೇಟ್ ಪೆಡಲ್ ಬಾಸ್ ಎನ್‌ಎಸ್-2 ಇದ್ರ ನಾಕು ಕೇಬಲ್ಲಿನ ಜೋಡಣೆ: ಗಿಟಾರ್ ಎನ್‌ಎಸ್-2ರ ಇನ್‌ಪುಟ್ಟಿಗೆ, ಅದರ ಸೆಂಡಿನಿಂದ ಟಿಎಸ್, ಟಿಎಸ್‌ನಿಂದ ಆಂಪಿನ ಇನ್‌ಪುಟ್ಟು. ಆಂಪಿನ ಎಫ್‌ಎಕ್ಸ್ ಸೆಂಡಿನಿಂದ ಎನ್‌ಎಸ್-2ರ ರಿಟರ್ನು, ಅದರ ಔಟ್‌ಪುಟ್ಟಿನಿಂದ ಆಂಪಿನ ಎಫ್‌ಎಕ್ಸ್ ರಿಟರ್ನು. ಗಿಟಾರಿನ ಕ್ಲೀನ್ ಸಿಗ್ನಲ್ ಕೇಳಿಕೋತ ಪ್ರೀಆಂಪಿನ ಸದ್ದನ್ನ ಮುಚ್ಚತೈತಿ.

ಬ್ಯಾಡಗಿ_ಖಾರ
ಗೇಟ್ ಇಲ್ಲದ ರಿಫ್ಫು ಬಿಗಿ ಕೇಳಸಬೇಕು. ಗೇಟು ಆಮ್ಯಾಲ. ಕೈ ಸರಿ ಇಲ್ಲದಾಗ ಗೇಟ್ ಹಚ್ಚೂದು ಅಂದ್ರ ಹರದ ಅಂಗಿ ಮ್ಯಾಲ ಇಸ್ತ್ರಿ ಮಾಡಿದಂಗ.

ಲೈನ್‌ಬಜಾರ್_57
ಇದೊಂದು ದೊಡ್ಡ ಮಾತು ಎಲ್ಲಾ ಕಡೆ ಹೇಳ್ತಾರ. ಪ್ರಾಗ್ ರಿಫ್ಫಿನ್ಯಾಗ ಮೌನಾನೂ ಒಂದು ಸ್ವರ. ಆ ಮೌನದಾಗ ಹಿಸ್ ಇರಬಾರದು ಅಂದ್ರ ಗೇಟ್ ಬೇಕೇ ಬೇಕು, ಕೈ ಎಷ್ಟರ ಚಲೋ ಇರ್ಲಿ. ಕೈ ತಂತಿ ನಿಲ್ಲಸ್ತೈತಿ, ಪ್ರೀಆಂಪಿನ ಹಿಸ್ ನಿಲ್ಲಸ್ತೈತೇನು?

ಬ್ಯಾಡಗಿ_ಖಾರ
ಗೇನ್ 4 ಇದ್ರ ಹಿಸ್ ಎಲ್ಲಿಂದ ಬರ್ತೈತ್ರಿ ಅಷ್ಟು?

ಸಾಧನಕೇರಿ_ಓಮ್
ಮುಂದ 21 ಡಿಬಿ ಬೂಸ್ಟ್ ಹಚ್ಚೀರಲ್ಲ, ಅಲ್ಲಿಂದ. ಇಬ್ಬರದೂ ಖರೆ ಅದ, ಜಗಳ ಬಿಡ್ರಿ.

ಗದಗ_ಗೇಜು
ಗೇಟ್ ಹಿಡಿಯಲಾರದ ಇನ್ನೊಂದು ಸದ್ದೈತಿ. ರಿಫ್ಫು ನಿಲ್ಲಿಸಿದಾಗ ಮ್ಯಾಲಿಂದ ಣಿಂಯ್ ಅಂತ ಉಳೀತೈತೆಲ್ಲಾ, ಅದು ನಟ್ಟಿನ ಹಿಂದಿನ ತಂತಿ ತುಂಡಿಂದು, ಇಲ್ಲಾ ಟ್ರೆಮೊಲೊ ಸ್ಪ್ರಿಂಗಿಂದು. ಹೆಡ್‌ಸ್ಟಾಕಿನ ತಂತಿ ನಡುವ ಒಂದು ಸ್ಪಂಜಿನ ಪಟ್ಟಿ ತುರಕ್ರಿ, ಹಿಂದಿನ ಸ್ಪ್ರಿಂಗ್ ಗುಂಡ್ಯಾಗೂ ಒಂದು. ಓಪನ್ ತಂತಿ ಬ್ಯಾಡ ಅನ್ನೂ ಭಾಗ ರೆಕಾರ್ಡ್ ಮಾಡೂವಾಗ ಮೊದಲನೇ ಫ್ರೆಟ್ಟಿನ ಹಿಂದ ಕೂದಲಿಗೆ ಹಾಕೂ ದಪ್ಪ ಬಟ್ಟೀ ರಬ್ಬರ್ ಬ್ಯಾಂಡ್ ಏರಸ್ರಿ. ದುರ್ಗದ ಬೈಲಿನ್ಯಾಗ ಬಳಿ, ಕ್ಲಿಪ್ಪು ಮಾರೋರ ಕಡೆ ಸಿಗ್ತಾವ. ಇದಕ್ಕಂತ ಮಾಡಿದ ಫ್ರೆಟ್‌ರ‍್ಯಾಪ್ ತರಸೂದು ಬ್ಯಾಡ.

ಪಿಕಪ್ಪಿನ ಎತ್ತರಾನೂ ನೋಡ್ರಿ. ಕಡೇ ಫ್ರೆಟ್ ಒತ್ತಿ ಹಿಡದಾಗ ದಪ್ಪ ತಂತಿ ಕೆಳಗ 2.5ರಿಂದ 3 ಮಿಮೀ ಬಿಡ್ರಿ, ಸಣ್ಣ ತಂತಿ ಕೆಳಗ 2. ದಪ್ಪ ತಂತಿಗೆ ಭಾಳ ಹತ್ತರ ಇದ್ರ ಬೇಸ್ ಉಬ್ಬತೈತಿ, ಅಯಸ್ಕಾಂತ ತಂತಿನ್ನ ಎಳದು ಸ್ವರ ನಡುಗತೈತಿ.

ನವನಗರ_ಡ್ರಾಪ್ಎ
ನೆಕ್ಕಿನ ರಿಲೀಫ್ (ಬಾಗು) ಅಳ್ಯೂದು ಹೆಂಗ? ಮಳಿ ಶುರು ಆದಾಗಿಂದ ತಂತಿ ಎತ್ತರ ಆದಂಗ ಅನಸ್ತೈತಿ.

ಗದಗ_ಗೇಜು
ಧಾರವಾಡ ಕಡೆ ಮಳಿ ಹಿಡದ್ರ ಕಟಗಿ ನೀರು ಕುಡದು ನೆಕ್ ಹಂದಾಡೂದು ಸಹಜ. ನಮ್ಮ ಗದಗಿನ ಒಣ ಹವಾಕ್ಕ ತಂದ್ರ ಉಲ್ಟಾ ತಿರಗತೈತಿ, ಬ್ಯಾಸಿಗ್ಯಾಗ ಫ್ರೆಟ್ಟಿನ ತುದಿ ಬೋರ್ಡಿನ ಹೊರಗ ಬಂದು ಕೈಗೆ ಚುಚ್ಚತಾವ.

ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡ್ಯಾಕ ಫೀಲರ್ ಗೇಜ್ ಇಟ್ಟಿರ್ತಾನ, ಅಂಥಾದೊಂದು ತೊಗೊಳ್ರಿ. ಟ್ಯೂನ್ ಮಾಡಿ, ಕೆಳಗಿನ ತಂತಿನ್ನ ಮೊದಲನೇ ಫ್ರೆಟ್ಟಿಗೆ ಮತ್ತ ಬಾಡಿ ಕೂಡೂ ಫ್ರೆಟ್ಟಿಗೆ ಒತ್ತಿ ಹಿಡದು, 7–8ನೇ ಫ್ರೆಟ್ಟಿನ ಮ್ಯಾಲ ಗೇಜಿನ ಎಲಿ ತೂರಸ್ರಿ. 0.20–0.25 ಮಿಮೀ ಎಲಿ ತಂತಿ ಎತ್ತದಂಗ ಹೋಗ್ಬೇಕು. ಜಾಸ್ತಿ ಇದ್ರ ಟ್ರಸ್ ರಾಡ್ (ನೆಕ್ಕಿನೊಳಗಿನ ಸಳಿ) ಬಿಗಿ ಮಾಡ್ರಿ. ಒಂದ್ಸಲಕ್ಕ ಕಾಲು ಸುತ್ತಿಗಿಂತ ಜಾಸ್ತಿ ಬ್ಯಾಡ, ಮತ್ತ ಟ್ಯೂನ್ ಮಾಡಿ ಮತ್ತ ಅಳೀರಿ. ಹೊಸಾ 64 ಹಾಕಿದ ಮ್ಯಾಲೇ ಇದನ್ನ ಮಾಡ್ರಿ, ಮೊದಲ ಮಾಡಿದ್ರ ಎರಡ್ಸಲ ಕೆಲಸ. 12ನೇ ಫ್ರೆಟ್ಟಿನ ಮ್ಯಾಲ ದಪ್ಪ ತಂತಿ ಎತ್ತರ 2 ಮಿಮೀ ಇರ್ಲಿ. 1.5ಕ್ಕ ಇಳಿಸಿದ್ರ ಫ್ರೆಟ್ಟಿಗೆ ಬಡದು ಬರೂ ಕಟಕಟ ಡಿಸ್ಟಾರ್ಶನ್ನಿನ್ಯಾಗ ನೂರು ಪಟ್ಟು ಆಗ್ತೈತಿ.

ಉಣಕಲ್_ಬೇಸು
ಬ್ಯಾಂಡಿನ್ಯಾಗ ಗಿಟಾರ್ ಕೇಳಂಗಿಲ್ಲ ಅಂದಿಯಲ್ಲ ದೋಸ್ತ, ಮಿಡ್ 3 ಇಟ್ರ ಹೆಂಗ ಕೇಳ್ತೈತಿ? ಗಿಟಾರ್ ಬದುಕೂದೇ ಮಿಡ್ಡಿನ್ಯಾಗ. ಬೆಡ್‌ರೂಮಿನ್ಯಾಗ ಒಬ್ಬನ ಕುಂತು ಬಾರಸೂವಾಗ ಮಿಡ್ ತಗದ್ರ ಭಾರಿ ಅನಸ್ತೈತಿ, ಡ್ರಮ್ಮು ಶುರು ಆದ ಕೂಡ್ಲೆ ಮಾಯ. 6ಕ್ಕ ಇಡು. ಮತ್ತ 100 ಹರ್ಟ್ಜ್ ಕೆಳಗಿನ ಜಾಗಾ ನಮ್ಮದು, ಬೇಸಿಂದು. ಅಲ್ಲಿ ಕೈ ಹಾಕಬ್ಯಾಡ. ನಿನ್ನ ಗಿಟಾರ್ ಒಂದ ಕೇಳಿದ್ರ ಸ್ವಲ್ಪ ಸಣ್ಣ ಅನಸ್ಬೇಕು, ಅವಾಗ ಕೂಡಿದಾಗ ಬರೋಬ್ಬರಿ.

ನೀವು ದಪ್ಪ ಅಂತ ಕೇಳೂ ಗಿಟಾರ್ ಸೌಂಡಿನ್ಯಾಗ ಅರ್ಧಾ ಕೆಲಸ ಬೇಸ್ ಗಿಟಾರಿಂದು. ಯಾರೂ ಒಪ್ಪಂಗಿಲ್ಲ, ಇರ್ಲಿ.

ಲೈನ್‌ಬಜಾರ್_57
ಒಪ್ಪಿದ್ಯಾ. ಹೆಡ್ಡಿಗೆ ಶುರುವಿನ ಅಂಕಿ: ಪ್ರೀ ಗೇನ್ 4, ಲೋ 4.5, ಮಿಡ್ 6, ಹೈ 5.5, ರೆಸೊನೆನ್ಸ್ 4, ಪ್ರೆಸೆನ್ಸ್ 5.5, ಮುಂದ ಟಿಎಸ್. ರೆಸೊನೆನ್ಸ್ ಪವರ್ ಆಂಪಿನ ಬೇಸು, ಸಣ್ಣ ರೂಮಿನ್ಯಾಗ ಮೂಲಿಗೆ ಕ್ಯಾಬ್ ಇಟ್ರ ಅದನ್ನ ಇನ್ನೂ ಇಳಸ್ಬೇಕು. ಕ್ಯಾಬನ್ನ ಮೂಲಿಯಿಂದ ಎಳದು ತಂದ್ರ ಒಂದ್ಸಲಕ್ಕ ಅರ್ಧಾ ಘುಂಯ್ ಹೋಗ್ತೈತಿ.

ಮನ್ಯಾಗ ಐಆರ್ ನಂತರ: 80ರಾಗ ಹೈಪಾಸ್ (ಅದರ ಕೆಳಗಿಂದು ಕಡ್ಯೂ ಫಿಲ್ಟರ್), 8–9 ಕಿಲೋಹರ್ಟ್ಜ್‌ನಾಗ ಲೋಪಾಸ್. ಪಾಮ್ ಮ್ಯೂಟಿನ್ಯಾಗ ಮಾತ್ರ ಉಬ್ಬೂ 70ರಿಂದ 250 ಹರ್ಟ್ಜ್‌ಗೆ ಮಲ್ಟಿಬ್ಯಾಂಡ್ ಕಂಪ್ರೆಸರ್ (ಆ ಪಟ್ಟಿ ಜೋರಾದಾಗ ಮಾತ್ರ ತಗ್ಗಸೂದು) ಹಾಕ್ರಿ. ಮ್ಯೂಟ್ ಹೊಡದಾಗ 3–5 ಡಿಬಿ ಇಳೀಬೇಕು, ಕಾರ್ಡ್ ತೆರದಾಗ ಸೂಜಿ ಅಲ್ಲಾಡಬಾರದು. ಈಕ್ಯೂದಿಂದ ಅದೇ ಜಾಗಾ ಕತ್ತರಿಸಿದ್ರ ತೆರದ ಕಾರ್ಡೂ ಬಡಕಲಾಗ್ತೈತಿ. 3–4 ಕಿಲೋಹರ್ಟ್ಜ್‌ನ ಸೀಟಿ ಹುಡಿಕಿ ಕಡ್ಯೋರು ಎರಡು ಕಡದು ನಿಲ್ರಿ. ಹತ್ತು ಕಡದ್ರ ಹೆಣ ಉಳೀತೈತಿ.

ರೆಕಾರ್ಡ್ ಮಾಡೂದಾದ್ರ ಎರಡ್ಸಲ ಬ್ಯಾರೆ ಬ್ಯಾರೆ ಬಾರಿಸಿ ಎಡಕ್ಕ ಪೂರಾ ಒಂದು, ಬಲಕ್ಕ ಪೂರಾ ಒಂದು. ಒಂದನ್ನ ಕಾಪಿ ಮಾಡಿ ಎರಡೂ ಕಡೆ ಹಾಕಿದ್ರ ಅದು ಮೋನೋನೇ. ಎರಡು ಟ್ರ್ಯಾಕ್ ಕೂಡಿದಾಗ ಗೇನ್ ತಾನೇ ಜಾಸ್ತಿ ಆದಂಗ ಕೇಳಸ್ತೈತಿ, ಅದಕ್ಕ ಒಂದೊಂದರಾಗೂ ಇನ್ನೂ ಸ್ವಲ್ಪ ಕಡಿಮಿ ಇಡ್ರಿ.

ಅರ್ಥಿಂಗ್_ಅಣ್ಣ
ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಬಟನ್ ಒತ್ತಿ ಐತೇನಪಾ? ಒತ್ತದಿದ್ರ ಲೈನ್ ಇನ್‌ಪುಟ್ಟಿನ ಕಡಿಮಿ ಇಂಪಿಡೆನ್ಸ್ ಪ್ಯಾಸಿವ್ ಪಿಕಪ್ಪಿನ ಮ್ಯಾಲಿನ ಹೊಳಪೆಲ್ಲಾ ತಿಂತೈತಿ. ಗಿಟಾರಿಗೆ 1 ಮೆಗಾ ಓಮ್ ಆಜೂಬಾಜು ಬೇಕು. ಜೋರಾಗಿ ಹೊಡದಾಗ ಮೀಟರ್ −12ರ ಹತ್ತರ ಹೋಗ್ಲಿ, ಕೆಂಪ ಒಂದ್ಸಲಾನೂ ಹತ್ತಬಾರದು. ಬಫರ್ 128, 48 ಕಿಲೋಹರ್ಟ್ಜ್ ಇಟ್ರ ಒಂದು ಬಫರಿಗೆ 2.7 ಮಿಲಿಸೆಕೆಂಡ್ ಆಗ್ತೈತಿ. 512 ಇಟ್ಟು ಬಾರಸಿ ಕೈ ಹಿಂದ ಬೀಳತೈತಿ ಅನ್ನಬ್ಯಾಡ.

ತಬಲಾ_ತಮ್ಮ
ಟೋನ್ ಗೀನ್ ನನಗ ತಿಳ್ಯಂಗಿಲ್ಲ, ಒಂದು ಕೇಳ್ತೀನ್ರಿ. ನಿಮ್ಮ ಈ ರಿಫ್ಫು 7ರ ಗುಂಪಿನ್ಯಾಗ ಇರ್ತಾವಲ್ಲ, ಡ್ರಮ್ 4ರಾಗ. ಸಮ (ತಾಳದ ಮೊದಲ ಮಾತ್ರೆ) ಎಲ್ಲಿ ಕೂಡಸ್ತೀರಿ?

ಬ್ಯಾಡಗಿ_ಖಾರ
4 ಬಾರ್‌ಗೆ (ನಾಕು ಬೀಟಿನ ಅಳತಿ) 64 ಹದಿನಾರು. 7 ಒಂಬತ್ಲೆ 63. ಒಂದು ಉಳೀತೈತಿ, ಅದನ್ನ ಕಡೇಕ ಹಚ್ಚಿ ಬಿಡೂದು. ಹಚ್ಚಲಾರದ ಬಿಟ್ರ 7 ಬಾರ್ ಆದ ಮ್ಯಾಲ ತಾವ ಕೂಡತಾವ.

ತಬಲಾ_ತಮ್ಮ
ಹಂಗಾದ್ರ ಇದು ನಮ್ಮದೇ ಲೆಕ್ಕ ಬಿಡ್ರಿ. ರೂಪಕ 7 ಮಾತ್ರೆ, 3+2+2. ಕಡೇಕ ತಿಹಾಯಿ (ಮೂರ್ಸಲ ಬರೂ ಒಂದೇ ತುಣುಕು) ಹಾಕಿ ಸಮಕ್ಕ ಬರ್ರಿ, ಒಂದು ಸ್ವರ ಸುಮ್ಮನ ಹಚ್ಚೂದಕ್ಕಿಂತ ಚಂದ.

ಸಾಧನಕೇರಿ_ಓಮ್
ರೂಪಕದಾಗ ಸಮದ ಮ್ಯಾಲೇ ಖಾಲಿ (ಒತ್ತಿಲ್ಲದ ಮಾತ್ರೆ) ಬರ್ತದ, ಕಿಕ್ ಡ್ರಮ್ ಹೊಡ್ಯಾವಗ ಅದನ್ನೂ ಹೇಳ್ರಿ. ಒಂದರ ಮ್ಯಾಲ ಕಿಕ್ ಬಿಡು ಅಂದ್ರ ಜಗಳಾನೇ ತಗೀತಾನ. ಅಂದಂಗ ಏಳು ತಂತಿ ಅನ್ನೂದು ಧಾರವಾಡಕ್ಕ ಹೊಸಾದಲ್ಲ. ಇಲ್ಲೇ ನೆಲಸಿದ ಸಿತಾರರತ್ನ ರಹಿಮತ್ ಖಾನರು ಸಿತಾರಿಗೆ ಏಳು ತಂತಿ ಜೋಡಣೆ ತಂದವರು ಅಂತ ಹೆಸರಾದವರು.

ಉಣಕಲ್_ಬೇಸು
ಅವರಿಗೆ ಗೇಟ್ ಬೇಕಾಗ್ಲಿಲ್ಲ, ನೋಡ್ರಿ 😄

ನವನಗರ_ಡ್ರಾಪ್ಎ
ರೂಮಿನ್ಯಾಗ ಸೆಟ್ ಮಾಡಿ ನೋಡಿದೆ. ಗೇನ್ 4, ಮಿಡ್ 6, ಟಿಎಸ್ ಡ್ರೈವ್ ಸೊನ್ನಿ. ಹೊಡತ ಬ್ಯಾರೆ ಬ್ಯಾರೆ ಕೇಳಾಕತ್ತಾವ. ಆದ್ರ ಟಿಎಸ್ ಹಾಕಿದ್ರ ಕೆಳಗಿನ ಎ ದಾಗ ಮೈನೇ ಇಲ್ಲದಂಗ ಆತು. 64 ತಂತಿ ಇನ್ನೂ ಹಾಕಿಲ್ಲ.

ಬ್ಯಾಡಗಿ_ಖಾರ
720 ಅನ್ನೂದು 6 ತಂತಿ ಇ ಟ್ಯೂನಿಂಗಿಗೆ ಚಲೋ. ಡ್ರಾಪ್ ಎ ಗೆ ಜರಾ ಜಾಸ್ತಿನೇ ಕಡೀತೈತಿ. ಬೇಸ್ ಎಷ್ಟು ಕಡೀಬೇಕು ಅಂತ ನಾಬ್ ಇರೂ ಡ್ರೈವ್ ಅದಾವ, ಅವು ಈ ಕೆಲಸಕ್ಕೇ ಹುಟ್ಟಿದ್ದು.

ಸಾಧನಕೇರಿ_ಓಮ್
ರೊಕ್ಕ ಖರ್ಚಿಲ್ಲದ ಹಾದಿ: ಮನ್ಯಾಗ ಟಿಎಸ್ ತಗದು ಒಂದು ಸಾದಾ ಹೈಪಾಸ್ ಇಡ್ರಿ, 12 ಡಿಬಿ ಇಳಿಜಾರು. 100 ಹರ್ಟ್ಜ್‌ನಿಂದ ಶುರು ಮಾಡಿ ಮ್ಯೂಟ್ ಹೊಡಕೋತ ಮ್ಯಾಲ ಸರಸ್ರಿ. ಘುಂಯ್ ಹೋದ ಜಾಗಾದಾಗ ನಿಲ್ರಿ, ಬಹಳ ಮಾಡಿ 150–200ರ ಒಳಗ ಸಿಗತದ. ಆಮ್ಯಾಲ 4–6 ಡಿಬಿ ಕ್ಲೀನ್ ಬೂಸ್ಟ್. ರೂಮಿನ ಟಿಎಸ್‌ದೊಳಗ ಕೈ ಆಡಸೂ ಧೈರ್ಯ ಇದ್ರ ಆ 0.047 ತಗದು 0.1 ಬೆಸೀರಿ, ತಿರುವು 340ರ ಹತ್ತರ ಇಳೀತದ. 0.22 ಹಾಕಿದ್ರ 150. ನಾನಾದ್ರ 0.1ಕ್ಕ ನಿಲ್ತಿದ್ದೆ.

ಇದು ಎಲ್ಲಾ ಆಂಪಿಗೂ ನಡಿಯೂದಿಲ್ಲ ಅನ್ನೂದೂ ನೆನಪಿರ್ಲಿ. ಮೆಸಾ ಮಾರ್ಕ್ ಸಾಲಿನ ಆಂಪಿನ್ಯಾಗ ಟೋನ್ ಸ್ಟ್ಯಾಕ್ ಗೇನಿನ ಮೊದಲೇ ಬರ್ತದ. ಅಲ್ಲಿ ಬೇಸ್ ನಾಬ್ 0–2ರಾಗ ಇಟ್ಟು, ಕಳಕೊಂಡ ಬೇಸನ್ನ ಹಿಂದಿನ ಐದು ಪಟ್ಟಿ ಗ್ರಾಫಿಕ್ ಈಕ್ಯೂದ 80ರಿಂದ ವಾಪಸ್ ತರ್ತಾರ. ಬೂಸ್ಟ್ ಬೇಕಂತೇನಿಲ್ಲ.

ನವನಗರ_ಡ್ರಾಪ್ಎ
0.1 ಹಾಕಿ ನೋಡ್ತೀನಿ. ಪಿಕ್ಕು 0.73 ಐತಿ, ನಡೀತೈತಾ?

ಬ್ಯಾಡಗಿ_ಖಾರ
ಇಲ್ಲ. 1.2 ಮ್ಯಾಲ, ಚೂಪ ತುದಿ. 0.73 ಬಾಗಿ ತಂತಿ ಬಿಟ್ಟು ಹೊಂಡೂದ್ರಾಗ ಹೊಡತ ತಡಾ ಆಗ್ತೈತಿ.

ಗದಗ_ಗೇಜು
ಮತ್ತ ಅಂಗೈ ಅಂಚು ಸ್ಯಾಡಲ್ಲಿನ ಮ್ಯಾಲೇ ಇರ್ಲಿ, ಮುಂದ 5 ಮಿಮೀ ಸರದ್ರೂ ದಪ್ಪ ತಂತಿ ಸತ್ತಂಗ ಆಗ್ತೈತಿ. 64ಕ್ಕ ನಟ್ ತಿದ್ದೂದಿದ್ರ ಮಡಚಿದ ಸ್ಯಾಂಡ್‌ಪೇಪರ್ ಬ್ಯಾಡ, ಕಚ್ಚು ಓರೆ ಆಗ್ತೈತಿ. ಹಳೇ 64 ತಂತೀದೇ ತುಂಡು ಇದ್ರ ಅದಕ್ಕ 600 ನಂಬರಿನ ಪೇಪರ್ ಸುತ್ತಿ, ಹೆಡ್‌ಸ್ಟಾಕ್ ಕಡೆ ಸ್ವಲ್ಪ ಇಳಿಜಾರು ಬರೂಹಂಗ ಅಗಲಾ ಮಾಡ್ರಿ. ತಳಾ ಕೆರೀಬ್ಯಾಡ್ರಿ.

ನವನಗರ_ಡ್ರಾಪ್ಎ
600 ಸಾಕಾ, 400 ಬೇಕಾ?

ಗದಗ_ಗೇಜು
ಮೂಳಿ ನಟ್ ಇದ್ರ 400ರಿಂದ ಶುರು. ಪ್ಲಾಸ್ಟಿಕ್ ಇದ್ರ 600 ಸಾಕು.